ಬಿಟ್ಟು ಹೋದವರ ಲೆಕ್ಕ

ರಾತ್ರಿ ಹನ್ನೊಂದೂವರೆಗೆ ಸಾಗರದಿಂದ ಅತ್ತಿಗೆಯ ಫೋನು. ಅಷ್ಟೊತ್ತಿಗೆ ಊರಿಂದ ಫೋನ್ ಬಂತು ಅಂದ್ರೆ ಎದೆ ಧಸಕ್ ಅನ್ನುತ್ತೆ. ಎತ್ತಿದರೆ ಅವರು ಕೇಳಿದ್ದು ಇಷ್ಟು: "ಅಲ್ಲ ಮಾರಾಯ, ಆ ಜಯನಗರದವರು ಬಿಟ್ಟೇ ಹೋದ್ರಲ್ಲ. ಮೂರು ವರ್ಷದಿಂದ ತಗೊಳ್ತಿದ್ರು. ಈ ಸಲ ಉಪ್ಪು ಜಾಸ್ತಿ ಆಗಿತ್ತಾ?"

ಅತ್ತಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ಗಿರಾಕಿಗಳು ಹೆಚ್ಚಿನವರು ಬೆಂಗಳೂರಿನವರು, ನಮ್ಮ ನಿಮ್ಮಂಥವರೇ. ಅವರಿಗೆಲ್ಲ ಈಮೇಲ್ ಹೋಗುವ ವ್ಯವಸ್ಥೆ ಮಾಡಿಕೊಟ್ಟವನು ನಾನು. "ಯಾರಾದರೂ ಅನ್‌ಸಬ್‌ಸ್ಕ್ರೈಬ್ ಮಾಡಿದರೆ ತಿಳಿಸು" ಅನ್ನೋ ಕಡೆ ಟಿಕ್ ಹಾಕಿದವನೂ ನಾನೇ. ಹಾಗಾಗಿ ಇದು ಒಂದು ಬಗೆಯ ಸಾಫ್ಟ್‌ವೇರಿನ ವಿಮರ್ಶೆಯಾದರೂ, ಅರ್ಧ ನನ್ನ ಮೇಲಿನ ದೂರೂ ಹೌದು.

ಅತ್ತಿಗೆಯ ಡ್ಯಾಶ್‌ಬೋರ್ಡ್ ನೋಡಬೇಕು ನೀವು. ಹೊಸದಾಗಿ ಸೇರಿದವರು ಹಸಿರು, ಬಿಟ್ಟವರು ಕೆಂಪು. ಬಿಟ್ಟವರ ಹೆಸರು, ತಾರೀಖು, ಗಂಟೆ, ನಿಮಿಷ, ಎಲ್ಲ ಇದೆ. ಯಾಕೆ ಬಿಟ್ಟರು ಅನ್ನೋದು ಮಾತ್ರ ಇಲ್ಲ. ಆ ಖಾಲಿ ಜಾಗವನ್ನು ಮನಸ್ಸು ತಾನೇ ತುಂಬಿಕೊಳ್ಳುತ್ತೆ: ಉಪ್ಪು ಜಾಸ್ತಿಯಾಯ್ತು, ಬೆಲೆ ಜಾಸ್ತಿಯಾಯ್ತು, ನನ್ನ ಕನ್ನಡ ಸರಿಯಿಲ್ಲ.

ನಮ್ಮೂರ ಸಂತೆಯಲ್ಲಿ ಒಬ್ಬ ಬಳೆ ವ್ಯಾಪಾರಿ ಕೂರುತ್ತಿದ್ದ. ಅವನ ಮುಂದೆ ದಿನಕ್ಕೆ ನೂರಾರು ಜನ ನಿಲ್ಲದೆ ದಾಟಿ ಹೋಗುತ್ತಿದ್ದರು. ಹೋದವರ ಪಟ್ಟಿ ಮಾಡಿ ರಾತ್ರಿ ಊಟದ ಹೊತ್ತಿಗೆ ಯಾರೂ ಅವನ ಕೈಗೆ ಕೊಡುತ್ತಿರಲಿಲ್ಲ. ಕೊಟ್ಟಿದ್ದರೆ ಮುಂದಿನ ವಾರ ಅವನು ಸಂತೆಗೆ ಬರುತ್ತಿದ್ದನೋ ಇಲ್ಲವೋ!

ಈ ಸಾಫ್ಟ್‌ವೇರ್ ಮಾಡುವವರಿಗೆ ನಮ್ಮ ಭಯ ಗೊತ್ತಿಲ್ಲ ಅಂತಲ್ಲ. ಮೇಲ್‌ಚಿಂಪ್‌ನಲ್ಲಿ ಎಲ್ಲರಿಗೂ ಮೇಲ್ ಕಳಿಸುವ ಮುಂಚೆ ಒಂದು ಕೋತಿಯ ಬೆರಳು ಕೆಂಪು ಗುಂಡಿಯ ಮೇಲೆ ನಡುಗುತ್ತಾ ಬೆವರುವ ಚಿತ್ರ ಬರುತ್ತಿತ್ತು. ಕಳಿಸಿದ ಮೇಲೆ ಅದೇ ಕೋತಿ ಕೈ ಎತ್ತಿ ಶಭಾಷ್ ಹೇಳುತ್ತಿತ್ತು. ಒಳ್ಳೆ ವಿನ್ಯಾಸ, ಮೆಚ್ಚಲೇಬೇಕು. ಆದರೆ ನಿಜವಾದ ಬೆವರು ಶುರುವಾಗೋದು ಕಳಿಸಿದ ಮೇಲೆ, ಅಂಕಿ ಸಂಖ್ಯೆ ಬರತೊಡಗಿದಾಗ. ಆಗ ಜೊತೆಗಿರಲು ಯಾವ ಕೋತಿಯೂ ಇಲ್ಲ.

ಆ ಅಂಕಿಗಳಾದರೂ ನಿಜವೇ? "ಓಪನ್ ರೇಟ್" ಅಂತ ಒಂದಿದೆ, ಅಂದರೆ ಎಷ್ಟು ಜನ ಮೇಲ್ ತೆರೆದರು ಅಂತ. ಮೇಲ್‌ನೊಳಗೆ ಕಣ್ಣಿಗೆ ಕಾಣದ ಪುಟ್ಟ ಚಿತ್ರವೊಂದನ್ನು ಅಡಗಿಸಿ ಇಡ್ತಾರೆ. ಅದು ಲೋಡ್ ಆದರೆ ತೆರೆದರು ಅಂತ ಲೆಕ್ಕ. 2021ರ ಸೆಪ್ಟೆಂಬರಿನಲ್ಲಿ ಆಪಲ್ ತನ್ನ ಐಓಎಸ್ 15ರ ಜೊತೆ ಒಂದು ರಕ್ಷಣೆ ತಂತು. ಅದನ್ನು ಆನ್ ಮಾಡಿಕೊಂಡವರ ಮೇಲ್ ಆ್ಯಪ್‌ನಲ್ಲಿ, ಓದುಗ ತೆರೆಯದಿದ್ದರೂ ಆ ಚಿತ್ರ ಹಿನ್ನೆಲೆಯಲ್ಲಿ ಲೋಡ್ ಆಗಿಬಿಡುತ್ತೆ. ಅಂದರೆ ಮಲಗಿದವರೂ ಓದಿದವರ ಲೆಕ್ಕಕ್ಕೆ ಸೇರಿದರು. ಇದು ಗೊತ್ತಿದ್ದೂ ಆ ಶೇಕಡಾವಾರನ್ನು ಪರದೆಯ ನಡುಮಧ್ಯೆ ದಪ್ಪಕ್ಷರದಲ್ಲಿ ಕೂರಿಸಿದ್ದಾರೆ. ಅತ್ತಿಗೆ ಅದು ಎರಡು ಅಂಶ ಇಳಿದರೆ ಮಂಕಾಗ್ತಿದ್ರು.

ಇನ್ನು ಆ ಕೆಂಪು ಬಣ್ಣ. ಬಿಟ್ಟು ಹೋಗುವವರು ನಿಜಕ್ಕೂ ಉಪಕಾರ ಮಾಡಿ ಹೋಗ್ತಾರೆ. ಬೇಡವಾದವರಿಗೆ ಬಾಗಿಲು ಸಿಗದಿದ್ದರೆ ಅವರು ಸ್ಪ್ಯಾಮ್ ಗುಂಡಿ ಒತ್ತುತ್ತಾರೆ. ಜಿಮೇಲ್ ಅದನ್ನು ಲೆಕ್ಕ ಇಡುತ್ತೆ; ಆ ಪ್ರಮಾಣ ಶೇ. 0.3 ಮುಟ್ಟಬಾರದು ಅನ್ನುತ್ತೆ. ಸಾವಿರಕ್ಕೆ ಮೂರೇ ಮೂರು ಜನ! ದಾಟಿದರೆ ಬೇಕು ಅಂದವರಿಗೂ ನಿಮ್ಮ ಮೇಲ್ ಮುಟ್ಟೋದು ಕಷ್ಟ. ಅದಕ್ಕೇ 2024ರಲ್ಲಿ ಗೂಗಲ್ ಮತ್ತು ಯಾಹೂ, ದೊಡ್ಡ ಪ್ರಮಾಣದಲ್ಲಿ ಕಳಿಸುವವರು ಒಂದೇ ಕ್ಲಿಕ್ಕಿಗೆ ಬಿಡುವ ದಾರಿ ಕೊಡಲೇಬೇಕು ಅಂತ ನಿಯಮ ತಂದವು. ನಮ್ಮ 2023ರ ಡೇಟಾ ರಕ್ಷಣಾ ಕಾಯ್ದೆಯೂ ಅದನ್ನೇ ಹೇಳುತ್ತೆ: ಒಪ್ಪಿಗೆ ಕೊಡುವಷ್ಟೇ ಸುಲಭವಾಗಿರಬೇಕು ಅದನ್ನು ಹಿಂತೆಗೆದುಕೊಳ್ಳೋದು. ಇಲ್ಲೊಂದು ತಪ್ಪೊಪ್ಪಿಗೆ: ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ಆ ಲಿಂಕನ್ನು ಬೂದು ಬಣ್ಣದ ಸಣ್ಣ ಅಕ್ಷರಕ್ಕೆ ಇಳಿಸಿದ ಕೈ ನನ್ನದೇ. ಅವತ್ತು ಅದು ಬರೀ ಒಂದು ಟಿಕೆಟ್ಟು, ಸಂಜೆಯೊಳಗೆ ಕ್ಲೋಸ್ ಮಾಡಿದ್ದೆ.

ಪಟ್ಟಿ ಬೆಳೆಸಿ ಅಂತ ಹೇಳುವವರೂ ಕಮ್ಮಿಯಿಲ್ಲ. ಕೆವಿನ್ ಕೆಲ್ಲಿ 2008ರಲ್ಲಿ ಬರೆದ "ಸಾವಿರ ನಿಜವಾದ ಅಭಿಮಾನಿಗಳು" ಎಂಬ ಪ್ರಬಂಧವನ್ನು ಎಲ್ಲರೂ ಉದಾಹರಿಸ್ತಾರೆ. ಅವರು ಹೇಳಿದ್ದು ಲಕ್ಷಾಂತರ ಜನ ಬೇಡ, ಬದುಕಲು ಸಾವಿರ ಜನ ಸಾಕು ಅಂತ. ನಾವು ಓದಿಕೊಂಡಿದ್ದು ಮೊದಲು ಸಾವಿರ ಮಾಡು, ಆಮೇಲೆ ಹತ್ತು ಸಾವಿರ ಅಂತ. "ಸಾಕು" ಅನ್ನೋ ಪದ ಎಲ್ಲೋ ಉದುರಿಹೋಯ್ತು. ಅತ್ತಿಗೆ ವರ್ಷಕ್ಕೆ ಮಾಡುವುದು 600 ಬಾಟಲಿ. ಅದಕ್ಕಿಂತ ಜಾಸ್ತಿ ಆಗಲ್ಲ. ಒಳ್ಳೆ ಮಿಡಿ ಬಿಡುವ ಮರಗಳೇ ಅಷ್ಟು, ಉಪ್ಪು ಹಾಕಿಡುವ ಭರಣಿಗಳೇ ಅಷ್ಟು. ಪಟ್ಟಿಯಲ್ಲಿ ಇದ್ದದ್ದು 1,400 ಜನ. ತಲೆಗೊಂದು ಬಾಟಲಿ ಅಂದರೂ 800 ಜನರಿಗೆ ಇಲ್ಲ! ಆದರೂ ಡ್ಯಾಶ್‌ಬೋರ್ಡ್ ಕೇಳುತ್ತಿತ್ತು: ಪಟ್ಟಿ ಯಾಕೆ ಬೆಳೆಯುತ್ತಿಲ್ಲ? ಅದಕ್ಕೆ ಮಾವಿನ ಮರ ಗೊತ್ತಿಲ್ಲ. ಗೊತ್ತಿರೋದು ತಲೆಗಳ ಲೆಕ್ಕ, ಯಾಕಂದ್ರೆ ಶುಲ್ಕ ಏರುವುದೂ ತಲೆ ಎಣಿಸಿಯೇ.

ಹಾಗಂತ ಅಂಕಿಗಳೇ ಬೇಡ ಅನ್ನಲಾರೆ. ಒಂದೇ ದಿನ ನಲವತ್ತು ಜನ ಬಿಟ್ಟರೆ ಏನೋ ಎಡವಟ್ಟಾಗಿದೆ, ಅದು ತಿಳಿಯಬೇಕು. ಆದರೆ ತಿಳಿಯಬೇಕಾದ್ದು ಯಾರಿಗೆ, ಯಾವಾಗ? ಉಪ್ಪಿನಕಾಯಿ ಹಾಕುವವರಿಗೆ, ರಾತ್ರಿ ಹನ್ನೊಂದೂವರೆಗೆ, ಹೆಸರಿನ ಸಮೇತ ಬೇಕಾಗಿಲ್ಲ.

ನಾವು ಮಾಡಿದ್ದು ಇಷ್ಟೇ. ಮೊದಲು ಆ ಟಿಕ್ ತೆಗೆದೆ. ಪಟ್ಟಿ ನೋಡುವ ಕೆಲಸ ನನ್ನದಾಯ್ತು, ತಿಂಗಳಿಗೊಮ್ಮೆ. ಎರಡು ವರ್ಷದಿಂದ ಏನೂ ಕೊಳ್ಳದವರಿಗೆ "ಇನ್ನೂ ಬರೆಯೋಣವೇ?" ಅಂತ ಒಂದೇ ಒಂದು ಸಲ ಕೇಳಿ, ಉತ್ತರ ಬಾರದವರನ್ನು ತೆಗೆದೆವು. ಪಟ್ಟಿ 900ಕ್ಕೆ ಇಳಿಯಿತು, ಬಾಟಲಿ ಅಷ್ಟೇ ಖರ್ಚಾದವು. ಜನ ಬರೆದ ಉತ್ತರಗಳು ಮಾತ್ರ ಅತ್ತಿಗೆಗೇ ಹೋಗುತ್ತವೆ, ಬೈಗುಳವೂ ಸೇರಿ. "ಬೈದವರಿಗೆ ಉತ್ತರ ಬರೀಬಹುದು. ಸುಮ್ನೆ ಹೋದವರಿಗೆ ಏನಂತ ಬರೀಲಿ?" ಅಂತಾರೆ ಅವರು.

ಜಯನಗರದವರು ಯಾಕೆ ಬಿಟ್ಟರೋ ಇವತ್ತಿಗೂ ಗೊತ್ತಿಲ್ಲ. ಮೊನ್ನೆ ಅತ್ತಿಗೆ ಫೋನ್ ಮಾಡಿದ್ದರು, ಬೆಳಗ್ಗೆ ಎಂಟಕ್ಕೆ. ಈ ವರ್ಷ ಮಿಡಿ ಕಮ್ಮಿಯಂತೆ, 400 ಬಾಟಲಿ ಆದರೆ ಹೆಚ್ಚಂತೆ. ಮುಂದಿನ ಮೇಲ್‌ನಲ್ಲಿ ಅದನ್ನೇ ಬರೀ ಅಂದರು.