ಬಿತ್ತುವವನ ಸಾಮತಿಯೂ ಬಯಲುಸೀಮೆಯ ಕೇಳುಗರೂ

ಕರ್ನಾಟಕದ ಕ್ರೈಸ್ತ ಸಮುದಾಯಗಳನ್ನು ಕುರಿತ ಜಾನಪದ ಅಧ್ಯಯನಗಳು ಬಹುಮಟ್ಟಿಗೆ ತೇರು, ಹರಕೆ, ಮೆರವಣಿಗೆ, ಮದುವೆಯ ಹಾಡುಗಳ ಸುತ್ತಲೇ ನಡೆದಿವೆ. ಬಲಿಪೂಜೆಯಲ್ಲಿ ಓದುವ ಧರ್ಮಗ್ರಂಥದ ವಾಚನಗಳನ್ನೂ ಅವುಗಳ ಮೇಲಿನ ಚಿಂತನೆಯನ್ನೂ ‘ಶಿಷ್ಟ’ದ ಪಾಲೆಂದು ಬದಿಗಿರಿಸಲಾಗಿದೆ. ಈ ವಿಂಗಡಣೆ ಒಪ್ಪತಕ್ಕದ್ದಲ್ಲ. ಅಚ್ಚಿನ ಪಠ್ಯ ವಾಚಕನ ಬಾಯಿಂದ ಹೊರಟೊಡನೆ ಮೌಖಿಕವಾಗುತ್ತದೆ. ಕೇಳುಗರು ಅದನ್ನು ತಮ್ಮ ಹೊಲ ಮತ್ತು ಮನೆಮಾತಿನ ಮೂಲಕವೇ ಗ್ರಹಿಸುತ್ತಾರೆ. ಕೆಥೋಲಿಕರು ಅಲ್ಪಸಂಖ್ಯೆಯಲ್ಲಿರುವ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳು ಇದನ್ನು ಪರಿಶೀಲಿಸಲು ತಕ್ಕ ನೆಲವಾಗಿವೆ.

ಇಲ್ಲಿನ ಮೊದಲ ಸಂಗತಿ ಭಾಷೆಯದು. 18ನೆಯ ಶತಮಾನದ ಆರಂಭದಲ್ಲಿ ಫ್ರೆಂಚ್ ಯೇಸುಸಭೆಯ ಗುರುಗಳ ಕರ್ನಾಟಿಕ್ ಮಿಷನ್ ಈ ಗಡಿಭಾಗದಲ್ಲಿ ತೆಲುಗನ್ನು ಆಶ್ರಯಿಸಿತು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ದೇಶಭಾಷೆಗಳಿಗೆ ಅವಕಾಶ ನೀಡಿದ ಬಳಿಕ ಪೀಠದಿಂದ ಕೇಳಿಬಂದದ್ದು ಗ್ರಾಂಥಿಕ ಕನ್ನಡ. ಅನೇಕರ ಮನೆಮಾತು ಇಂದಿಗೂ ತೆಲುಗು. ಇದು ಕೊರತೆಯೇನಲ್ಲ, ಚಿಂತಾಮಣಿ ತಾಲ್ಲೂಕಿನ ಕೈವಾರದ ಯೋಗಿ ನಾರೇಯಣರು ಎರಡೂ ಭಾಷೆಗಳಲ್ಲಿ ಪದ ಕಟ್ಟಿದ ಸೀಮೆಯಿದು. ಆದರೆ ಕೈವಾರದ ಪದಗಳಲ್ಲಿ ಎರಡು ಭಾಷೆಗಳೂ ಹಾಡುಗಬ್ಬದ ಸಲಿಗೆಯಲ್ಲಿ ನಿಂತಿದ್ದರೆ, ವಾಚನದ ಕನ್ನಡ ಒಂದು ಮೆಟ್ಟಿಲು ಎತ್ತರದಲ್ಲಿ ನಿಲ್ಲುತ್ತದೆ. ಆ ಮೆಟ್ಟಿಲನ್ನು ಇಳಿಸುವ ಹೊಣೆ ಪ್ರಬೋಧನೆಯದು.

1969ರಲ್ಲಿ ಪ್ರಕಟವಾದ ವಾಚನಕ್ರಮದ ಪ್ರಕಾರ ಭಾನುವಾರದ ಪಾಠಗಳು ಮೂರು ವರ್ಷಕ್ಕೊಮ್ಮೆ ಮರಳುತ್ತವೆ. ಮತ್ತಾಯನ ವರ್ಷದಲ್ಲಿ ಸಾಧಾರಣ ಕಾಲದ 15ನೆಯ ಭಾನುವಾರ ಬಿತ್ತುವವನ ಸಾಮತಿ ಬರುತ್ತದೆ. 2023ರಲ್ಲಿ ಅದು ಜುಲೈ 16ರಂದು ಬಂದಿತು. ಗಲಿಲಾಯದ ರೈತ ಬಿತ್ತುತ್ತಿದ್ದುದು ಚಳಿಗಾಲದ ಮೊದಲ ಮಳೆಗೆ. ರೋಮಿನ ಪಂಚಾಂಗ ಯಾರೂ ಉದ್ದೇಶಿಸದೆಯೇ ಆ ಪಾಠವನ್ನು ಬಯಲುಸೀಮೆಯ ರಾಗಿ ಬಿತ್ತನೆಯ ದಿನಗಳಿಗೆ ತಂದು ಕೂರಿಸಿದೆ. ಅಂದಿನ ಮೊದಲ ವಾಚನವಾದ ಯೆಶಾಯನ 55ನೆಯ ಅಧ್ಯಾಯದ ಭಾಗ, ಆಕಾಶದಿಂದ ಇಳಿದ ಮಳೆ ಭೂಮಿಯನ್ನು ನೆನೆಸದೆ ಹಿಂದಿರುಗದೆಂಬ ಭರವಸೆಯದು. ಉತ್ತರ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿಗಳು ನಂದಿಬೆಟ್ಟದ ಆಸುಪಾಸಿನಲ್ಲಿ ಹುಟ್ಟಿಯೂ ವರ್ಷದ ಬಹುಕಾಲ ಬತ್ತಿರುವ ಜಿಲ್ಲೆಯಲ್ಲಿ ಈ ಮಾತನ್ನು ಕೇಳುವುದು ಸುಲಭದ ಕೆಲಸವಲ್ಲ.

ಕೂರಿಗೆಯಲ್ಲಿ ಸಾಲು ಹಿಡಿದು ಬಿತ್ತಿ, ನಡುನಡುವೆ ಅಕ್ಕಡಿ ಸಾಲು ಬಿಡುವ ರೈತನಿಗೆ ದಾರಿಯ ಮೇಲೆ ಬೀಜ ಬೀಳಿಸುವವನು ಯಾರೆಂಬ ಪ್ರಶ್ನೆ ಮೊದಲು ಹುಟ್ಟಬೇಕು. ಪ್ಯಾಲೆಸ್ತೀನಿನಲ್ಲಿ ಬಿತ್ತಿದ ಮೇಲೆ ಉಳುತ್ತಿದ್ದರು, ಆದ್ದರಿಂದ ಅದು ಅಜಾಗ್ರತೆಯಲ್ಲ ಎಂಬುದು ವಿದ್ವಾಂಸ ಯೋವಾಕಿಂ ಯೆರೆಮಿಯಾಸರ ವಿವರಣೆ. ಅದನ್ನು ಎಲ್ಲರೂ ಒಪ್ಪಿಲ್ಲ. ರೂಢಿಯ ಪ್ರಬೋಧನೆ ಈ ಪ್ರಶ್ನೆಯನ್ನು ಕೇಳಗೊಡದೆ ‘ನಾಲ್ಕು ಬಗೆಯ ಹೃದಯ’ಗಳಿಗೆ ಜಿಗಿಯುತ್ತದೆ. ವಾಚನಕ್ರಮವಾದರೋ, ವಿವರಣೆಯನ್ನು ಬಿಟ್ಟು ಮೊದಲ ಒಂಬತ್ತು ವಚನಗಳನ್ನಷ್ಟೇ ಓದಲು ಅನುಮತಿಸಿದೆ. ಆ ಕಿರುರೂಪವೇ ಇಲ್ಲಿಗೆ ಹೆಚ್ಚು ಒಪ್ಪುವುದು. ಏಕೆಂದರೆ ಅದು ಬಂಡೆಯ ಮೇಲಣ ತೆಳುಮಣ್ಣನ್ನು ಬಂಡೆಯ ಮೇಲಣ ತೆಳುಮಣ್ಣಾಗಿಯೇ ಉಳಿಸುತ್ತದೆ.

ಇನ್ನೂ ತೊಡಕಿನದು ಲೂಕನ 17ನೆಯ ಅಧ್ಯಾಯದ ಮರ. ಲೂಕನ ವರ್ಷದ 27ನೆಯ ಭಾನುವಾರ, ಅಕ್ಟೋಬರ್ ಮೊದಲ ದಿನಗಳಲ್ಲಿ ಇದು ಬರುತ್ತದೆ. ಸಾಸಿವೆಕಾಳಿನಷ್ಟು ವಿಶ್ವಾಸವಿದ್ದರೆ ಬೇರುಸಹಿತ ಕಿತ್ತು ಕಡಲಲ್ಲಿ ನೆಟ್ಟುಕೊಳ್ಳುವಂತೆ ಹೇಳಬಹುದಾದ ಆ ಮರವನ್ನು ಮೂಲ ಗ್ರೀಕ್ ಪದದ ಆಧಾರದಿಂದ ಕರಿಹಿಪ್ಪುನೇರಳೆ ಎಂದು ಗುರುತಿಸುವುದುಂಟು. ಕನ್ನಡ ಪಠ್ಯ ಯಾವ ಮರವನ್ನೇ ಹೆಸರಿಸಲಿ, ಶಿಡ್ಲಘಟ್ಟದ ಪ್ರಬೋಧಕ ಈ ಸಂಗತಿಯನ್ನು ಮರೆಯುವಂತಿಲ್ಲ. ಆ ಊರಿನ ಬದುಕು ನಿಂತಿರುವುದೇ ಹಿಪ್ಪುನೇರಳೆ ಸೊಪ್ಪು ಮತ್ತು ಗೂಡಿನ ಮಾರುಕಟ್ಟೆಯ ಮೇಲೆ. ಅಗ್ಗದ ಚೀನಾ ರೇಷ್ಮೆಯ ಆಮದಿನಿಂದ 2000ದ ಆಸುಪಾಸಿನಲ್ಲಿ ಗೂಡಿನ ಬೆಲೆ ಕುಸಿದಾಗ ರಾಜ್ಯದ ಹಲವೆಡೆ ರೈತರು ತೋಟಗಳನ್ನು ಕಿತ್ತುಹಾಕಿದರು. ಹಿಪ್ಪುನೇರಳೆ ಬೇರುಸಹಿತ ಕಿತ್ತುಬರುವುದು ಸುವಾರ್ತೆಯಲ್ಲಿ ವಿಶ್ವಾಸದ ಬಲಕ್ಕೆ ಗುರುತು. ರೇಷ್ಮೆ ರೈತನ ಅನುಭವದಲ್ಲಿ ಅದು ಸಾಲಕ್ಕೆ ಗುರುತು.