ಹುಡುಕಿದರೆ ಸಿಗುತ್ತದೆಂಬ ನಂಬಿಕೆ

ಫೈಲುಗಳನ್ನು ಫೋಲ್ಡರು ಮಾಡಿ ಜೋಡಿಸಿಡುವುದು ಹಳೆಯ ಕಾಲದ ಗುಮಾಸ್ತಿಕೆ, ಸರ್ಚ್ ಇರುವಾಗ ಅದೆಲ್ಲ ಏಕೆ ಎಂಬ ವಾದಕ್ಕೆ ಇತ್ತೀಚೆಗೆ ಎಲ್ಲಿಲ್ಲದ ಮರ್ಯಾದೆ. ತಂತ್ರಜ್ಞಾನದ ಅಂಕಣಗಳಲ್ಲಿ ಅದು ಗಂಭೀರ ಸಿದ್ಧಾಂತವಾಗಿ ಬರುತ್ತದೆ. ವಿಜಯಪುರದಲ್ಲಿ ರೂಮು ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರ ಬಾಯಲ್ಲಿ ‘ಸರ್ಚ್ ಹೊಡದ್ರ ಸಿಗತೈತಿ ಬಿಡ್ರಿ’ ಎಂದಾಗುತ್ತದೆ. ಇಂಗ್ಲಿಷಿನಲ್ಲೇ ಹುಟ್ಟಿದ ಫೈಲುಗಳ ಮಟ್ಟಿಗೆ ಈ ಮಾತು ಮುಕ್ಕಾಲು ಪಾಲು ನಿಜ. ಸಣ್ಣ ಲ್ಯಾಪ್‌ಟಾಪಿನಲ್ಲಿ ಕೂಡಿಬಿದ್ದ ಕನ್ನಡದ ಫೈಲುಗಳ ಮಟ್ಟಿಗೆ ಸುಳ್ಳು. ಆ ಸುಳ್ಳಿನ ನಷ್ಟವನ್ನು ಹೊರುವವರು ಅಂಕಣ ಬರೆಯುವವರಲ್ಲ.

ತಿಕೋಟಾ ತಾಲೂಕಿನ ಕಳ್ಳಕವಟಗಿಯಂಥ ಊರಲ್ಲಿ ಮನೆಗೊಂದು ಲ್ಯಾಪ್‌ಟಾಪ್ ಇದ್ದರೆ ಅದು ಸಾಮಾನ್ಯವಾಗಿ ಹಗುರಾದದ್ದೇ: 4 ಜಿಬಿ ರ್‍ಯಾಮ್, 64 ಜಿಬಿ ಜಾಗ, ಅದರಲ್ಲೂ ದೊಡ್ಡ ಪಾಲು ವಿಂಡೋಸ್‌ಗೇ ಹೋಗಿರುತ್ತದೆ. ಡೌನ್‌ಲೋಡ್ಸ್ ತೆರೆದರೆ ಹೊಲದ ಉತಾರ, ಜಾತಿ-ಆದಾಯ ಪ್ರಮಾಣಪತ್ರ, ಹಳೆಯ ಪ್ರಶ್ನೆಪತ್ರಿಕೆ, ಟೆಲಿಗ್ರಾಮಿನಿಂದ ಬಂದ ನೋಟ್ಸ್, ದ್ರಾಕ್ಷಿಗೆ ಯಾವ ಹಂತದಲ್ಲಿ ಯಾವ ಎಣ್ಣೆ ಹೊಡೆಯಬೇಕೆಂಬ ಪಟ್ಟಿ, ನಡುವೆ ಯಾರೋ ಕಳಿಸಿದ ವಚನ ಸಂಪುಟ. ಅದೇ ಹೆಸರಿನ ಫೈಲು ಮತ್ತೊಮ್ಮೆ ಇಳಿದರೆ ಬ್ರೌಸರು (1), (2) ಎಂದು ಬಾಲ ಹಚ್ಚಿ ಸುಮ್ಮನಾಗುತ್ತದೆ. ಹೀಗೆ ನಾಲ್ಕು ಸರ್ವೆ ನಂಬರಿನ ನಾಲ್ಕು ಉತಾರಗಳು ಒಂದೇ ಹೆಸರಿನಲ್ಲಿ ನಿಂತಿರುತ್ತವೆ. ಬೆಳೆಸಾಲಕ್ಕೆ ಬ್ಯಾಂಕಿಗೆ ಹೊರಟ ದಿನ ಯಾವುದು ಯಾವ ಹೊಲದ್ದೆಂದು ಒಂದೊಂದನ್ನೇ ತೆರೆದು ನೋಡಬೇಕು.

ಯಂತ್ರ ಮಾಡುವ ಜೋಡಣೆಯೂ ಇದೆ. 2019ರ ಮೇ ಆವೃತ್ತಿಯಿಂದ ವಿಂಡೋಸ್ 10 ಡೌನ್‌ಲೋಡ್ಸ್ ಫೋಲ್ಡರನ್ನು ತಾನಾಗಿಯೇ ದಿನಾಂಕದ ಮೇಲೆ ಗುಂಪು ಮಾಡತೊಡಗಿತು: ಇಂದು, ನಿನ್ನೆ, ಕಳೆದ ವಾರ, ಬಹಳ ಹಿಂದೆ. ಇದನ್ನು ಅನುಕೂಲವೆಂದು ಹೊಗಳಿದವರಿದ್ದಾರೆ. ನನಗೆ ಇದು ವ್ಯವಸ್ಥೆಯ ವೇಷ ತೊಟ್ಟ ಅವ್ಯವಸ್ಥೆಯಾಗಿ ಕಾಣುತ್ತದೆ. ಫೈಲು ಏನು ಎಂಬುದನ್ನು ಬಿಟ್ಟು, ಅದು ಯಾವತ್ತು ಬಂತು ಎಂಬುದೊಂದನ್ನೇ ಇದು ಹೇಳುತ್ತದೆ. ಮೊನ್ನೆ ಇಳಿಸಿದ ಮದುವೆ ಕಾರ್ಡು ಮೇಲೆ, ಮೂರು ವರ್ಷದಿಂದ ಬೇಕಾಗುತ್ತಿರುವ ಪ್ರಮಾಣಪತ್ರ ‘ಬಹಳ ಹಿಂದೆ’ಯ ತಳದಲ್ಲಿ. ಇನ್ನೊಂದು ಸಂಗತಿಯಂತೂ ಗಾಬರಿ ಹುಟ್ಟಿಸುವಂಥದ್ದು. 2018ರ ಅಕ್ಟೋಬರ್ ಆವೃತ್ತಿಯಲ್ಲಿ ಡಿಸ್ಕ್ ಕ್ಲೀನಪ್‌ನ ಪಟ್ಟಿಗೆ ಡೌನ್‌ಲೋಡ್ಸ್ ಫೋಲ್ಡರನ್ನೂ ಸೇರಿಸಿದ್ದರು, ತೆಗೆದದ್ದು 2020ರಲ್ಲಿ. ಅಂದರೆ ಅಷ್ಟು ಕಾಲ ಆ ಫೋಲ್ಡರು ತಾತ್ಕಾಲಿಕ ಕಸದ ಸಾಲಿನಲ್ಲಿತ್ತು. 64 ಜಿಬಿಯ ಯಂತ್ರದಲ್ಲಿ ‘ಜಾಗ ಸಾಲದು’ ಎಂಬ ಎಚ್ಚರಿಕೆ ಬಂದೇ ಬರುತ್ತದೆ, ಕ್ಲೀನಪ್ ಒತ್ತುವ ಕೈಯೂ ಮುಂದಾಗುತ್ತದೆ.

ಇವೆಲ್ಲ ಯಾವ ಭಾಷೆಯವರಿಗೂ ಇರುವ ತೊಡಕುಗಳು. ಕನ್ನಡದ ತೊಡಕು ಬೇರೆ, ಅದನ್ನು ಒಂದು ಫೈಲಿನ ಹೆಸರು ಹಿಡಿದೇ ನೋಡಬೇಕು.

ಹಳೆಯ ಕನ್ನಡ ಪುಸ್ತಕ ಬೇಕಾದವರು ಹೆಚ್ಚಾಗಿ ಹೋಗುವುದು ಇಂಟರ್‌ನೆಟ್ ಆರ್ಕೈವ್‌ಗೆ. ಅಲ್ಲಿರುವ ಕನ್ನಡದ ದೊಡ್ಡದೊಂದು ರಾಶಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ್ದು. ಭಾರತೀಯ ವಿಜ್ಞಾನ ಸಂಸ್ಥೆಯ ಮುಂದಾಳತ್ವದಲ್ಲಿ ಈ ಶತಮಾನದ ಆರಂಭದಲ್ಲಿ ಶುರುವಾದ ಕೆಲಸ ಅದು. ಇಳಿಸಿಕೊಂಡ ಪಿಡಿಎಫ್‌ನ ಹೆಸರು ‘2015’ ಎಂದು ಆರಂಭವಾಗುತ್ತದೆ, ಚುಕ್ಕಿ, ಉದ್ದನೆಯ ಒಂದು ಸಂಖ್ಯೆ, ಮತ್ತೆ ಚುಕ್ಕಿ, ಆಮೇಲೆ ರೋಮನ್ ಅಕ್ಷರದಲ್ಲಿ ಪುಸ್ತಕದ ಹೆಸರು. ಆ 2015 ಪುಸ್ತಕ ಅಚ್ಚಾದ ವರ್ಷವಲ್ಲ, ಗುರುತಿನ ಸಂಖ್ಯೆಯ ಒಂದು ತುಂಡು. ಆದರೆ ಹೆಸರಿನ ಮೊದಲಲ್ಲೇ ವರ್ಷದ ರೂಪದಲ್ಲಿ ಕೂತಿರುವುದನ್ನು ವಿದ್ಯಾರ್ಥಿ ವರ್ಷವೆಂದೇ ಓದುತ್ತಾನೆ. 1920ರ ದಶಕದ ಪುಸ್ತಕವೂ 1950ರ ದಶಕದ ಪುಸ್ತಕವೂ ಅವನ ಲ್ಯಾಪ್‌ಟಾಪಿನಲ್ಲಿ ಒಂದೇ 2015ರ ಸಾಲಿಗೆ ಬೀಳುತ್ತವೆ. ಕರ್ತೃವಿನ ಹೆಸರು ಅಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಎರಡು ಮೂರು ಭಾಗಗಳ ಗ್ರಂಥವಾದರೆ ಯಾವ ಭಾಗವೆಂದು ಹಲವು ಸಲ ಹೆಸರಿನಿಂದ ತಿಳಿಯದು. ಇನ್ನು ರೋಮನ್ ಕಾಗುಣಿತ ಅವರವರ ಕಿವಿಗೆ ತಕ್ಕಂತೆ. ‘ಶೂನ್ಯಸಂಪಾದನೆ’ಯನ್ನು ಹೀಗೇ ಬರೆಯಬೇಕೆಂಬ ಕಟ್ಟಳೆ ಯಾರಿಗೂ ಇರಲಿಲ್ಲ: ಮೊದಲ ಅಕ್ಷರಕ್ಕೆ ಒಬ್ಬರು ಒಂದು ಗುರುತು ಬಳಸಿದರೆ ಇನ್ನೊಬ್ಬರು ಎರಡು, ದೀರ್ಘಕ್ಕೆ ಮತ್ತೊಬ್ಬರು ಇನ್ನೇನೋ. ಹುಡುಕುವವನು ತನ್ನ ಕಾಗುಣಿತ ಹಾಕುತ್ತಾನೆ, ಫೈಲು ಬೇರೊಬ್ಬರ ಕಾಗುಣಿತದಲ್ಲಿ ಕೂತಿದೆ. ಸರ್ಚ್ ಖಾಲಿ ಕೈ ತೋರಿಸುತ್ತದೆ, ಪುಸ್ತಕ ಅದೇ ಯಂತ್ರದಲ್ಲೇ ಇರುತ್ತದೆ.

ಒಳಗಿನ ಪಠ್ಯದಲ್ಲಾದರೂ ಹುಡುಕಬಹುದಲ್ಲ ಎಂದರೆ ಅದೂ ಕಷ್ಟ. ಇವು ಪುಟಗಳ ಚಿತ್ರಗಳು, ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶವಾದ ಓಸಿಆರ್ ಬೇಕು. ಆರ್ಕೈವ್‌ನ ಓಸಿಆರ್‌ಗೆ 2020ರ ಸುಮಾರಿನವರೆಗೂ ಕನ್ನಡ ಓದಲು ಬರುತ್ತಿರಲಿಲ್ಲ. ಅಲ್ಲಿಗೆ ಟೆಸರಾಕ್ಟ್ ಎಂಬ ಓಸಿಆರ್ ಬಂದ ಮೇಲೆ ಪರಿಸ್ಥಿತಿ ಸುಧಾರಿಸಿದೆ ನಿಜ, ಆದರೆ ಮಸಿ ಹರಡಿದ ಹಳೆಯ ಅಚ್ಚಿನಲ್ಲಿ ಒತ್ತಕ್ಷರಗಳು ಈಗಲೂ ಅದಕ್ಕೆ ಮೋಸ ಮಾಡುತ್ತವೆ. ಚಿತ್ರವಲ್ಲದ ಪಿಡಿಎಫ್‌ಗಳ ಕಥೆಯೂ ಸುಖಕರವಲ್ಲ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಮಾಡಿದವು ಕಣ್ಣಿಗೆ ಕನ್ನಡ, ಯಂತ್ರಕ್ಕೆ ಯುರೋಪಿನ ಅಕ್ಷರಗಳ ಗೋಜಲು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗವಿದ್ದರೂ ನಮ್ಮ ಕಚೇರಿಗಳೂ ಮುದ್ರಣಾಲಯಗಳೂ ಬಹುಕಾಲ ಅತ್ತ ಬರಲಿಲ್ಲ. ಆ ಫೈಲುಗಳಲ್ಲಿ ‘ಬಸವಣ್ಣ’ ಎಂದು ಹುಡುಕಿದರೆ ಒಬ್ಬ ಬಸವಣ್ಣನೂ ಸಿಗುವುದಿಲ್ಲ.

ಫೋಲ್ಡರು ಕಾಗದದ ಯುಗದ ಉಳಿಕೆ ಎನ್ನುವವರೊಂದಿಗೆ ನನ್ನ ಜಗಳ ಇಲ್ಲಿಯದು. 2021ರಲ್ಲಿ ಅಮೆರಿಕದ ಪ್ರಾಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಗೆ ಫೋಲ್ಡರು ಎಂದರೇನೆಂದೇ ತಿಳಿಯುತ್ತಿಲ್ಲ ಎಂದದ್ದು ಸುದ್ದಿಯಾಯಿತು. ನಮ್ಮವರು ಅದನ್ನೇ ಹಿಡಿದು, ತಲೆಮಾರು ಬದಲಾಗಿದೆ, ಒಪ್ಪಿಕೊಳ್ಳಿ ಎಂದರು. ಅಲ್ಲಿಯ ವಿದ್ಯಾರ್ಥಿಯ ಬೆನ್ನಿಗೆ ಅವನ ಭಾಷೆಯನ್ನು ಪೂರ್ತಿ ಓದಬಲ್ಲ ಸರ್ಚ್ ಇದೆ. ಕಳ್ಳಕವಟಗಿಯ ವಿದ್ಯಾರ್ಥಿಯ ಬೆನ್ನಿಗೆ ಏನಿದೆ? ಇನ್ನೊಂದು ಗುಂಪು ಸ್ಕ್ಯಾನಾದ ಪುಟಗಳ ಲೆಕ್ಕ ಹೇಳಿ ಕನ್ನಡ ಉಳಿಯಿತು ಎನ್ನುತ್ತದೆ. ಸ್ಕ್ಯಾನ್ ಮಾಡಿದವರ ಶ್ರಮಕ್ಕೆ ನಾನು ಋಣಿ. ಆದರೆ ಹೆಸರು ತಪ್ಪಿದ ಪುಸ್ತಕವನ್ನು ಓದುಗ ತಲುಪಲಾರ, ತಲುಪದ ಪುಟವನ್ನು ಲೆಕ್ಕಕ್ಕೆ ಹಿಡಿಯುವುದು ನ್ಯಾಯವಲ್ಲ.

ಈ ಎರಡೂ ಗುಂಪಿನವರು ಸರ್ಚ್‌ನ ಪರವಾಗಿ ಎತ್ತಿ ಹಿಡಿಯುವ ಉದಾಹರಣೆ ‘ವಚನ ಸಂಚಯ’ ಜಾಲತಾಣ. ಸುಮಾರು 21 ಸಾವಿರ ವಚನಗಳು, ಯಾವ ಪದ ಯಾವ ವಚನಕಾರರಲ್ಲಿ ಎಷ್ಟು ಸಲ ಬಂದಿದೆ ಎಂಬುದು ಕ್ಷಣದಲ್ಲಿ ಕಾಣುತ್ತದೆ. ನಿಜಕ್ಕೂ ಅದ್ಭುತವಾದ ಕೆಲಸ. ಅದು ನನ್ನ ವಾದಕ್ಕೇ ಸಾಕ್ಷಿ. ಅಲ್ಲಿ ಹುಡುಕಾಟ ಫಲಿಸುವುದು ಪಠ್ಯ ಯೂನಿಕೋಡ್‌ನಲ್ಲಿರುವುದರಿಂದ, ಪ್ರತಿ ವಚನಕ್ಕೂ ಅದರ ಕರ್ತೃವಿನ ಗುರುತು ಅಂಟಿಸಿರುವುದರಿಂದ. ಅದರ ಹಿಂದೆ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದ ಸಮಗ್ರ ವಚನ ಸಂಪುಟಗಳಿವೆ. ಅವುಗಳ ಹಿಂದೆ ವಿಜಯಪುರದ ವಕೀಲ ಫ.ಗು. ಹಳಕಟ್ಟಿ ಇದ್ದಾರೆ.

ಹಳಕಟ್ಟಿಯವರ ವಿಷಯದಲ್ಲಿ ನಮ್ಮ ವಿಮರ್ಶಕರು ಮಾಡಿರುವ ಅನ್ಯಾಯವನ್ನೂ ಇಲ್ಲೇ ಹೇಳಬೇಕು. ಪ್ರತಿ ವರ್ಷ ಜುಲೈ 2ರಂದು ಅವರ ತ್ಯಾಗದ ಕಥೆ ಹೇಳುತ್ತಾರೆ: ಮನೆ ಮಾರಿ ಮುದ್ರಣಾಲಯ ಹಾಕಿದರು, ಮನೆಮನೆ ಅಲೆದು ತಾಡೋಲೆ ತಂದರು. ಕಣ್ಣೀರು ತರಿಸುವ ಈ ಕಥೆಯ ಹಿಂದೆ ಅವರ ವಿಧಾನ ಮರೆಯಾಗಿದೆ. ತಂದದ್ದನ್ನು ಅವರು ರಾಶಿ ಹಾಕಲಿಲ್ಲ. 1923ರ ‘ವಚನಶಾಸ್ತ್ರಸಾರ’ದ ಮೊದಲ ಭಾಗದಲ್ಲಿ ವಚನಗಳನ್ನು ವಿಷಯದ ಮೇಲೆ ವಿಂಗಡಿಸಿ ತಲೆಬರಹಗಳ ಅಡಿಯಲ್ಲಿ ಕೂರಿಸಿದರು. ಓದುಗ ಯಾವ ಪ್ರಶ್ನೆ ಹೊತ್ತು ಬರುತ್ತಾನೆ ಎಂದು ಮೊದಲೇ ಯೋಚಿಸಿದ ಜೋಡಣೆ ಅದು. 1926ರಿಂದ ‘ಶಿವಾನುಭವ’ ಪತ್ರಿಕೆಯಲ್ಲೂ ಸಂಪಾದಿಸಿ ಪ್ರಕಟಿಸುವ ಕೆಲಸ ನಡೆಯಿತು. ಅವರಿಗೆ ಒಂದು ಅನುಕೂಲವಿತ್ತು: ವಚನದ ಒಡಲಲ್ಲೇ ಅಂಕಿತವಿತ್ತು. ಕೂಡಲಸಂಗಮದೇವ ಎಂದಿದ್ದರೆ ಬಸವಣ್ಣನದು, ಗುಹೇಶ್ವರ ಎಂದಿದ್ದರೆ ಅಲ್ಲಮನದು. ಓಲೆ ಕಟ್ಟಿನಿಂದ ಕಳಚಿದರೂ ವಚನ ಅನಾಥವಾಗುತ್ತಿರಲಿಲ್ಲ. ಸ್ಕ್ಯಾನಾದ ಪಿಡಿಎಫ್‌ಗೆ ಅಂಕಿತವೆಂದರೆ ಅದರ ಫೈಲಿನ ಹೆಸರೊಂದೇ. ಅದೂ 2015 ಎಂದು ಶುರುವಾದರೆ ಅದು ಯಾರದೆಂದು ಹೇಳುವುದು ಹೇಗೆ?

ಆದ್ದರಿಂದ ಇಳಿಸಿದ ಕೂಡಲೇ ಹೆಸರು ಬದಲಿಸುವುದು, ಡೌನ್‌ಲೋಡ್ಸ್‌ನಿಂದ ಎತ್ತಿ ಬೇರೆ ಫೋಲ್ಡರಿಗೆ ಹಾಕುವುದು ನನ್ನ ದೃಷ್ಟಿಯಲ್ಲಿ ಸಂಪಾದನೆಯ ಮೊದಲ ಹೆಜ್ಜೆ. ಹೆಸರು ಕನ್ನಡ ಲಿಪಿಯಲ್ಲೇ ಇರಲಿ. ಕೆಟ್ಟುಹೋಗುತ್ತದೆಂಬ ಹೆದರಿಕೆ ಹಳೆಯದು. ಲಿನಕ್ಸ್‌ನಲ್ಲಿ ಫೈಲಿನ ಹೆಸರಿಗೆ 255 ಬೈಟುಗಳ ಮಿತಿಯಿದೆ, ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟು. ಸ್ವರಚಿಹ್ನೆ, ವಿರಾಮಗಳನ್ನೆಲ್ಲ ಎಣಿಸಿ 85 ಸಂಕೇತಗಳು ಹಿಡಿಯುತ್ತವೆ. ‘ಶೂನ್ಯಸಂಪಾದನೆ’ಗೆ ಬೇಕಾದದ್ದು ಬರೀ 12. ಕರ್ತೃ, ಕೃತಿ, ಭಾಗ, ಅಚ್ಚಾದ ವರ್ಷ ನಾಲ್ಕಕ್ಕೂ ಜಾಗ ಧಾರಾಳ. ಉತಾರಕ್ಕಾದರೆ ಊರು, ಸರ್ವೆ ನಂಬರು, ತೆಗೆದ ತಿಂಗಳು. ಆರ್ಕೈವ್‌ನ ಸಂಖ್ಯೆಯನ್ನು ಮಾತ್ರ ಅಳಿಸಬಾರದು, ಹೆಸರಿನ ಕೊನೆಗೆ ಸರಿಸಬೇಕು. ಆ ಸ್ಕ್ಯಾನುಗಳಲ್ಲಿ ಪುಟ ಬಿಟ್ಟುಹೋದದ್ದು, ತಲೆಕೆಳಗಾದದ್ದು ಅಪರೂಪವಲ್ಲ. ಅದೇ ಪುಸ್ತಕದ ಇನ್ನೊಂದು ಪ್ರತಿಯೊಡನೆ ಹೋಲಿಸಿ ಯಾವುದರಲ್ಲಿ ಏನು ಬಿಟ್ಟಿದೆ ಎಂದು ತೋರಿಸಬೇಕಾದಾಗ ನೆರವಿಗೆ ಬರುವುದು ಆ ಸಂಖ್ಯೆಯೇ.