ಬಿಡುವ ದಾರ, ಹಿಡಿಯುವ ಗಾಳ

ಸ್ಪಿನ್ನಿಂಗ್ ರೀಲ್‌ನ ಹಿಂಬದಿಯಲ್ಲಿ ಒಂದು ಪುಟ್ಟ ಲಿವರ್. ಅದನ್ನು ಒತ್ತಿದರೆ, ದಾರವನ್ನು ಸ್ಪೂಲಿಗೆ ಸುತ್ತುವ ಬೇಲ್ ಕಂಬಿ ಮುಚ್ಚಿದ್ದರೂ ಸ್ಪೂಲ್ ಸಡಿಲವಾಗಿ ಮೀನು ಎಳೆದಷ್ಟು ದಾರ ಹೋಗುತ್ತದೆ. ಹ್ಯಾಂಡಲ್ ತಿರುಗಿಸಿದ ಕೂಡಲೇ ಲಿವರ್ ಟಕ್ಕೆಂದು ಹಿಂದೆ ಬಿದ್ದು, ದಾರದ ಓಟವನ್ನು ತಡೆಯುವ ಮುಖ್ಯ ಡ್ರ್ಯಾಗ್ ಹಿಡಿತಕ್ಕೆ ಬರುತ್ತದೆ. 1980ರ ದಶಕದಲ್ಲಿ ಶಿಮಾನೊ ಕಂಪನಿ ಇದನ್ನು ಬೇಟ್‌ರನ್ನರ್ ಎಂಬ ಹೆಸರಿನಲ್ಲಿ ತಂದಾಗ ಹೆಚ್ಚು ಮೆಚ್ಚಿದವರು ಬ್ರಿಟನ್ನಿನ ಕೆರೆಗಳಲ್ಲಿ ಕಾರ್ಪ್ ಹಿಡಿಯುವವರು. ಎರೆ ಕಚ್ಚಿ ಓಡುವ ಮೀನು ರಾಡನ್ನೇ ನೀರಿಗೆಳೆಯದಿರಲಿ ಎಂಬುದು ಅವರ ಅಗತ್ಯವಾಗಿತ್ತು. ಅದೇ ಯಂತ್ರ ಈಗ ಕಡಲಿಗೆ ಬಂದಿದೆ. ಪೆನ್ ಕಂಪನಿ ಅದನ್ನು ಲೈವ್ ಲೈನರ್ ಎಂದು ಮಾರುತ್ತದೆ. ಮಲ್ಪೆ, ಪಣಂಬೂರಿನಂಥ ಕಡೆ ಕಲ್ಲಿನ ಮೇಲೆ ನಿಂತು ಗಾಳ ಹಾಕುವವರೂ ಇಂಥ ರೀಲ್ ಕೊಳ್ಳಬೇಕೇ ಎಂದು ಯೋಚಿಸುವ ಕಾಲ ಇದು. ಆದರೆ ಕೊಳ್ಳುವವರ ಕಣ್ಣು ಹೋಗುವುದು ಬೇರಿಂಗ್ ಎಷ್ಟಿವೆ, ಡ್ರ್ಯಾಗ್ ಎಷ್ಟು ಕಿಲೋ ತಡೆಯುತ್ತದೆ ಎಂಬ ಕಡೆಗೆ. ಈ ರೀಲ್ ಮೂಲತಃ ಕಾಯುವ ಸಾಧನ. ಅದರ ಗುಣವನ್ನು ಅಳೆಯಬೇಕಾದದ್ದು ಅದು ಎಷ್ಟು ಹಗುರವಾಗಿ ದಾರ ಬಿಡುತ್ತದೆ, ಬಿಟ್ಟದ್ದನ್ನು ಎಷ್ಟು ನಯವಾಗಿ ಹಿಡಿಯುತ್ತದೆ ಎಂಬುದರಲ್ಲಿ. ಆ ಹಿಡಿತಕ್ಕೆ ತಕ್ಕ ಗಾಳ ದಾರದ ತುದಿಯಲ್ಲಿಲ್ಲದಿದ್ದರೆ ಕೊಟ್ಟ ಹಣದ ಅರ್ಧ ವ್ಯರ್ಥ.

ಸಾಮಾನ್ಯ ರೀಲ್‌ನ ಡ್ರ್ಯಾಗನ್ನೇ ಸಡಿಲಿಸಿಟ್ಟರೆ ಸಾಲದೇ, ಇನ್ನೊಂದು ಲಿವರ್ ಯಾಕೆ ಎಂಬುದು ಬಹಳ ಮಂದಿಯ ವಾದ. ಬಂಗುಡೆಯನ್ನು ಜೀವಂತ ಎರೆಯಾಗಿ ಬಿಟ್ಟಾಗ ಏನಾಗುತ್ತದೆಂದು ನೋಡಿದರೆ ಈ ವಾದ ನಿಲ್ಲುವುದಿಲ್ಲ. 15 ಕಿಲೋ ತಾಳುವ ದಾರಕ್ಕೆ ಡ್ರ್ಯಾಗನ್ನು ಅದರ ಕಾಲು ಭಾಗದಷ್ಟು, ಅಂದರೆ ಸುಮಾರು 4 ಕಿಲೋಗೆ, ಸ್ಪ್ರಿಂಗ್ ತಕ್ಕಡಿಗೆ ದಾರ ಸಿಕ್ಕಿಸಿ ಹೊಂದಿಸಿಟ್ಟುಕೊಳ್ಳುವುದು ವಾಡಿಕೆ. ಕಾಯುವಾಗ ಅದನ್ನು ಸಡಿಲಿಸಿದರೆ ಆ ಅಳತೆ ಅಲ್ಲಿಗೇ ಹೋಯಿತು. ಮೀನು ಓಡುವಾಗ ಅಂದಾಜಿನಲ್ಲಿ ತಿರುಪು ಬಿಗಿಯಬೇಕು. ಅಂದಾಜು ತಪ್ಪಿಸುವ ಸಂಗತಿ ಇನ್ನೊಂದಿದೆ. ಡ್ರ್ಯಾಗ್‌ನ ಬಿಗಿ ಹಾಗೇ ಇದ್ದರೂ ಸ್ಪೂಲ್‌ನಲ್ಲಿ ದಾರ ಕಡಿಮೆಯಾದಂತೆ ಎಳೆತ ಏರುತ್ತದೆ. ತುಂಬಿದ ಸ್ಪೂಲ್‌ನ ಕೇಂದ್ರದಿಂದ ದಾರದ ಅಂಚಿಗೆ 3 ಸೆಂಟಿಮೀಟರ್ ಇದ್ದಾಗಿನ 4 ಕಿಲೋ, ಅದು 2 ಸೆಂಟಿಮೀಟರಿಗೆ ಇಳಿದಾಗ 6 ಕಿಲೋ ಆಗುತ್ತದೆ. ರಾಡ್‌ನ ಉಂಗುರಗಳ ಘರ್ಷಣೆ, ನೀರಿನಲ್ಲಿ ಉದ್ದಕ್ಕೆ ಎಳೆಯಲ್ಪಡುವ ದಾರದ ತಡೆ ಇದಕ್ಕೆ ಸೇರುತ್ತವೆ. ದೊಡ್ಡ ಕೊಕ್ಕರ್ ಮೀನು ಓಡುತ್ತಿರುವಾಗ ಗಾಬರಿಯಲ್ಲಿ ಇನ್ನರ್ಧ ಸುತ್ತು ಬಿಗಿದರೆ ದಾರ ಕಡಿಯುವುದು ಆಶ್ಚರ್ಯವಲ್ಲ. ಲಿವರ್ ಇರುವ ರೀಲ್‌ನಲ್ಲಿ ಎರಡು ಹಿಡಿತಗಳೂ ಬೇರೆ ಬೇರೆ: ಹಿಂದಿನ ತಿರುಪು ಕಾಯುವುದಕ್ಕೆ, ಮುಂದಿನದು ಕಾದಾಡುವುದಕ್ಕೆ. ಅಳೆದಿಟ್ಟದ್ದು ಅಳೆದಂತೆಯೇ ಇರುತ್ತದೆ. ಬೇಲ್ ಕಂಬಿ ತೆರೆದಿಟ್ಟು ದಾರವನ್ನು ರಬ್ಬರ್ ಬ್ಯಾಂಡಿಗೆ ಸಿಕ್ಕಿಸುವ ಹಳೆಯ ಉಪಾಯ ಕೆರೆಗೆ ಸಾಕು. ಕಡಲಲ್ಲಿ ದಾರ ಒಮ್ಮೆ ಬ್ಯಾಂಡಿನಿಂದ ಬಿಟ್ಟಿತೆಂದರೆ ಗಾಳಿಯೂ ಒಳಸೆಳೆತವೂ ಸೇರಿ ಅದನ್ನು ಸುರುಳಿ ಸುರುಳಿಯಾಗಿ ಎಳೆದು ಗಂಟು ಹಾಕುತ್ತವೆ.

ಹಾಗೆಂದು ಎಲ್ಲ ಮೀನಿಗೂ ದಾರ ಬಿಡುವುದು ಸರಿಯಲ್ಲ, ಈ ಮಾತನ್ನು ಜಾಹೀರಾತು ಹೇಳುವುದೂ ಇಲ್ಲ. ತೆರೆದ ನೀರಿನಲ್ಲಿ ಓಡುವ ಅಂಜಲ್, ಕೊಕ್ಕರ್‌ಗೆ ಲಿವರ್ ಸಹಾಯಕ. ಕಲ್ಲಿನ ಸಂದಿಯಲ್ಲಿ ಬಾಳುವ ಮುರು ಮೀನಿಗೋ ಕೆಂಬೇರಿಗೋ ಹೀಗೆ ದಾರ ಬಿಟ್ಟರೆ, ಎರೆ ಬಾಯಿಗೆ ಬಿದ್ದ ಕ್ಷಣ ಅದು ತನ್ನ ಗೂಡಿಗೆ ನುಗ್ಗುತ್ತದೆ. ಮೊದಲ ಎರಡು ಮೀಟರ್ ಕೊಟ್ಟರೆ ದಾರ ಕಲ್ಲಿಗೆ ಉಜ್ಜಿ ಹರಿಯುತ್ತದೆ. ಬ್ರೇಕ್‌ವಾಟರ್‌ನ ಬುಡದಲ್ಲೇ ಎರೆ ಬಿಡುವವನಿಗೆ ಗಟ್ಟಿ ಡ್ರ್ಯಾಗ್‌ನ ಸಾಮಾನ್ಯ ರೀಲ್ ಸಾಕು. ಕೃತಕ ಎರೆ ಎಸೆದು ಸುತ್ತುತ್ತಲೇ ಇರುವವನಿಗೂ ಅಷ್ಟೇ. ಆತನಿಗೆ ಲಿವರ್ ಎಂದರೆ ಇಡೀ ದಿನ ಕೈಯಲ್ಲಿ ಹೊರುವ ಹೆಚ್ಚಿನ ತೂಕ.

ಈಗ ಗಾಳದ ವಿಚಾರ. ದಾರ ಸಲೀಸಾಗಿ ಹೋದಷ್ಟೂ ಮೀನು ಎರೆಯನ್ನು ಒಳಕ್ಕೆ ನುಂಗುತ್ತದೆ. ನೇರ ಮೊನೆಯ ಸಾಮಾನ್ಯ ಗಾಳವಾದರೆ ಅದು ಗಂಟಲಿಗೋ ಹೊಟ್ಟೆಗೋ ನಾಟುತ್ತದೆ. ಮೊನೆ ಒಳಕ್ಕೆ ಬಾಗಿದ ವೃತ್ತಾಕಾರದ ಗಾಳ ಗಂಟಲಿನಿಂದ ಜಾರಿ ಬಂದು ಬಾಯಿಯ ಮೂಲೆಯಲ್ಲಿ ತಿರುಗಿ ಹಿಡಿಯುತ್ತದೆ. ಶಾಂತಸಾಗರದ ದ್ವೀಪವಾಸಿಗಳು ಎಲುಬು, ಚಿಪ್ಪುಗಳಲ್ಲಿ ಇಂಥ ಆಕಾರವನ್ನು ಎಂದೋ ಕೆತ್ತಿಕೊಂಡಿದ್ದರು. ಈ ಗಾಳಕ್ಕೆ ರಾಡನ್ನು ಎತ್ತಿ ಝಾಡಿಸಬಾರದು. ದಾರ ನಿಧಾನವಾಗಿ ಬಿಗಿದರೆ ಸಾಕು. ಹ್ಯಾಂಡಲ್ ತಿರುಗಿಸಿ ಲಿವರ್ ಬೀಳಿಸಿದಾಗ ಆಗುವುದು ಅದೇ. ರೀಲ್ ಮತ್ತು ಗಾಳ ಒಂದಕ್ಕೊಂದು ಹೇಳಿ ಮಾಡಿಸಿದಂತೆ ಕೂಡಿಕೊಳ್ಳುವುದು ಇಲ್ಲಿ, ಮತ್ತು ನನ್ನ ಇಡೀ ವಾದ ನಿಂತಿರುವುದೂ ಇಲ್ಲೇ. ಅಮೆರಿಕದ ಅಟ್ಲಾಂಟಿಕ್ ಕರಾವಳಿಯ ರಾಜ್ಯಗಳು ಎರೆ ಹಾಕಿ ಸ್ಟ್ರೈಪ್ಡ್ ಬಾಸ್ ಹಿಡಿಯುವ ಹವ್ಯಾಸಿಗಳಿಗೆ 2021ರಿಂದ ಈ ಗಾಳವನ್ನು ಕಡ್ಡಾಯ ಮಾಡಿರುವುದು ಮರಳಿ ಬಿಟ್ಟ ಮೀನು ಬದುಕಲಿ ಎಂದು. ನಮ್ಮಲ್ಲಿ ಹಿಡಿದ ಮೀನು ಸಾರಿಗೆ ತಾನೇ, ಗಾಳ ಹೊಟ್ಟೆಯಲ್ಲಿ ಸಿಕ್ಕರೇನು ಎಂದು ಯಾರಾದರೂ ಕೇಳಬಹುದು. ಗಾಳಕ್ಕೆ ದೊಡ್ಡದು ಮಾತ್ರ ಬೀಳುವುದಿಲ್ಲ. ಗೇಣುದ್ದದ ಮರಿಗೆ ಬಾಯಿಮೂಲೆಯ ಗಾಯ ಮಾಯುತ್ತದೆ, ಹರಿದ ಗಂಟಲು ಮಾಯುವುದು ಕಷ್ಟ. ತಿನ್ನುವ ಮೀನಿನ ಲೆಕ್ಕದಲ್ಲೂ ಇದು ನಷ್ಟವೇ. ನುಂಗಿದ ಗಾಳದ ದಾರ ಹಲ್ಲುಗಳ ನಡುವೆಯೇ ಹಾದು ಬರುತ್ತದೆ, ಪ್ರತಿ ಎಳೆತಕ್ಕೂ ಸವೆಯುತ್ತದೆ. ಮೂಲೆಯಲ್ಲಿ ಕಚ್ಚಿದ ಗಾಳದ ದಾರ ಬಾಯಿಯ ಹೊರಗಿರುತ್ತದೆ. ಅಂಜಲ್‌ಗಾದರೋ ದಾರದ ತುದಿಗೆ ಕಂಬಿ ಕಟ್ಟಲೇಬೇಕು, ಅದರ ಹಲ್ಲಿಗೆ ನೈಲಾನ್ ಲೆಕ್ಕಕ್ಕಿಲ್ಲ.

ಹೆಚ್ಚು ಬಿಡಿಭಾಗ ಎಂದರೆ ಉಪ್ಪಿಗೆ ಹೆಚ್ಚು ದಾರಿ ಎಂಬ ಆಕ್ಷೇಪವನ್ನು ಮಾತ್ರ ಒಪ್ಪಲೇಬೇಕು. ಲಿವರ್‌ನ ಸಂದಿ, ಹಿಂದಿನ ತಿರುಪಿನ ಬುಡ, ಎರಡೂ ಉಪ್ಪುನೀರು ಕೂರುವ ಜಾಗಗಳು. ಮನೆಗೆ ಬಂದ ಮೇಲೆ ಮುಂದಿನ ಡ್ರ್ಯಾಗ್ ಬಿಗಿದು, ಸಿಹಿನೀರನ್ನು ಮೆಲ್ಲಗೆ ಚಿಮುಕಿಸಿ ತೊಳೆಯಬೇಕು; ಪೈಪಿನ ರಭಸ ಉಪ್ಪನ್ನು ಇನ್ನಷ್ಟು ಒಳಕ್ಕೆ ತಳ್ಳುತ್ತದೆ. ಒಣಗಿದ ಮೇಲೆ ಡ್ರ್ಯಾಗ್ ಸಡಿಲಿಸಿಡಬೇಕು, ಇಲ್ಲದಿದ್ದರೆ ಒಳಗಿನ ವಾಷರ್ ಒತ್ತಿ ಚಪ್ಪಟೆಯಾಗುತ್ತದೆ. ಇಷ್ಟು ಆರೈಕೆಗೆ ಪುರುಸೊತ್ತಿಲ್ಲದವರು ಇದನ್ನು ಕೊಳ್ಳದಿರುವುದೇ ಮೇಲು. ಕೊಳ್ಳುವವರು ಅಂಗಡಿಯಲ್ಲೇ ಹಿಂದಿನ ತಿರುಪನ್ನು ಪೂರ್ತಿ ಸಡಿಲಿಸಿ, ಲಿವರ್ ಒತ್ತಿ, ದಾರವನ್ನು ಎರಡು ಬೆರಳಲ್ಲಿ ಹಿಡಿದು ಎಳೆದು ನೋಡಲಿ. ತಡೆತಡೆದು, ಜಗ್ಗಿ ಜಗ್ಗಿ ಬಂದರೆ ಬೂತಾಯಿಯಂಥ ಪುಟ್ಟ ಎರೆ ಅದನ್ನು ಎಳೆದುಕೊಂಡು ಈಜಲಾರದು. ಆಮೇಲೆ ಹ್ಯಾಂಡಲ್ ತಿರುಗಿಸಿ, ಲಿವರ್ ಬೀಳಲು ಎಷ್ಟು ಸುತ್ತು ಬೇಕಾಯಿತೆಂದು ಗಮನಿಸಲಿ. ಅರ್ಧ ಸುತ್ತಿಗಿಂತ ಹೆಚ್ಚಾದರೆ ಪೆಟ್ಟಿಗೆಯ ಮೇಲೆ ಬರೆದ ಕಿಲೋ ಎಷ್ಟೇ ದೊಡ್ಡದಿರಲಿ, ಆ ರೀಲನ್ನು ಅಲ್ಲೇ ಬಿಟ್ಟು ಬರಬೇಕು.